ಕೆಂಪು ನಂಬರಿನ ಡಬ್ಬಿ

ಸವಣೂರು
ತಾ. 4-2-1974

ಹಿರೇಕೆರೂರಿನ ಅತ್ತಿಗೆ ಶೇಖವ್ವನವರಿಗೆ ನಾದಿನಿ ದುರಗವ್ವ ಮಾಡುವ ಶರಣುಗಳು. ನಾವು ಆರಾಮ. ನೀವೂ ಆರಾಮ ಇದ್ದೀರೆಂದು ತಿಳಿದಿದ್ದೇನೆ.

ಅಣ್ಣ ಹೊಳಬಸಪ್ಪ ನಿನ್ನೆ ಇಲ್ಲಿಂದ ಹೊರಟವನು ಡಬ್ಬಿಯ ಸಮೇತ ಮುಟ್ಟಿದನೋ ಇಲ್ಲವೋ? ಬಸ್ಸಿನಲ್ಲಿ ಚಿಮಣಿ ಎಣ್ಣೆ ಒಯ್ಯುವ ಹಾಗಿಲ್ಲವೆಂದು ಕಂಡಕ್ಟರ್ ಗುಡ್ಡಪ್ಪ ತಕರಾರು ತೆಗೆದ. ಇದು ನನ್ನ ತವರಿಗೆ ಹೋಗುವ ಎಣ್ಣೆ, ಸುಮ್ಮನೆ ಇಟ್ಟುಕೋ ಎಂದು ನಾನೇ ಗದರಿಸಿ ಹಿಂದಿನ ಸೀಟಿನ ಕೆಳಗೆ ಇಡಿಸಿದೆ. ನಿಮ್ಮ ಡಬ್ಬಿಯ ಬುಡ ತುಕ್ಕು ಹಿಡಿದು ಸೋರುತ್ತದೆಂದು ಅಣ್ಣ ಹೇಳಿದ. ಅದಕ್ಕೇ ನಮ್ಮ ಡಬ್ಬಿಯಲ್ಲೇ ತುಂಬಿ ಕೊಟ್ಟಿದ್ದೇನೆ. ಹೋಗುವಾಗ ಹಿಂದೆ ತಿರುಗಿ ತಿರುಗಿ ಡಬ್ಬಿ ನೋಡುತ್ತಿದ್ದ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಇಲ್ಲಿ ಮಂದಿಗೆ ತಲೆ ಕೆಟ್ಟಿದೆ. ಇನ್ನು ಮುಂದೆ ಎಣ್ಣೆ ಬರುವುದೇ ಬಂದ್ ಎಂದು ಯಾರೋ ಸಂತೆಯಲ್ಲಿ ಅಂದರಂತೆ. ಅಂದವರು ಯಾರು ಎಂದರೆ ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನದೊಳಗೆ ಅಂಗಡಿಗಳಲ್ಲಿ ಎಣ್ಣೆ ಇಲ್ಲ, ಸಂಜೆಯೊಳಗೆ ಸಬಕಾರ ಇಲ್ಲ, ಮರುದಿನ ಉಪ್ಪೂ ಇಲ್ಲ. ಉಪ್ಪು ಯಾವ ದೇಶದಿಂದ ಬರಬೇಕಾಗಿತ್ತು ಹೇಳಿ? ನಮ್ಮ ಮನೆಯವರು, ಅದೇ ಬಸವಣ್ಣೆಪ್ಪನವರು, ಎಲ್ಲರಿಗಿಂತ ಒಂದು ಕೈ ಮೇಲು. ಕಡ್ಡಿಪೆಟ್ಟಿಗೆಯ ಪುಡಿಕೆಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಯಾರೂ ನೋಡಬಾರದೆಂದು ನೆಲದೊಳಗಿನ ಹಗೇವಿನಲ್ಲಿ ಜೋಳದ ಮೇಲೆ ಇಳಿಸಿದ್ದಾರೆ. ದೀಪಕ್ಕೆ ಎಣ್ಣೆ ಬೇಕಲ್ಲ ಎಂದರೆ ಮೊದಲು ಕಡ್ಡಿ ಬೇಕಲ್ಲ ಎನ್ನುತ್ತಾರೆ.

ನಾನು ಮಾತ್ರ ಮೊದಲೇ ಎಚ್ಚರವಾಗಿ ತುಂಬಿಸಿ ಇಟ್ಟಿದ್ದೆ. ನನಗೇನೂ ಕಡಿಮೆ ಇಲ್ಲ, ನೀವು ಸಂಕೋಚ ಮಾಡಬೇಡಿರಿ. ಡಬ್ಬಿ ಮಾತ್ರ ಗುಡ್ಡಪ್ಪನ ಕೈಯಲ್ಲಿ ಮರಳಿ ಕಳಿಸಿರಿ. ಮಗಳು ಗುತ್ತೆವ್ವ ಬಾಣಂತನಕ್ಕೆ ಬಂದಿದ್ದಾಳೆ. ಯುಗಾದಿಯ ಆಚೆ ಈಚೆ ಆಗಬಹುದೆಂದು ಸೂಲಗಿತ್ತಿ ರಹಿಮಾಬಿ ಹೇಳುತ್ತಾಳೆ.

ನಿಮ್ಮ
ದುರಗವ್ವ

*

ಹಿರೇಕೆರೂರು
ತಾ. 14-2-1974

ನಾದಿನಿ ದುರಗವ್ವನಿಗೆ ಶೇಖವ್ವ ಮಾಡುವ ಆಶೀರ್ವಾದ.

ಡಬ್ಬಿ ಸುಖವಾಗಿ ಮುಟ್ಟಿತು. ನಿಮ್ಮಣ್ಣ ಬಸ್ಸಿನಿಂದ ಇಳಿದವರು ಹಿತ್ತಲ ಹಾದಿಯಿಂದ ಬರಬಹುದಿತ್ತು. ಬರಲಿಲ್ಲ. ಡಬ್ಬಿಯನ್ನು ತಲೆಯ ಮೇಲೆ ಇಟ್ಟುಕೊಂಡು ಊರ ಅಗಸಿಯ ಮುಂದಿನಿಂದಲೇ ಬಂದರು. ತಂಗಿ ಕೊಟ್ಟ ಎಣ್ಣೆ ಎಂದು ಕೇಳಿದವರಿಗೂ ಹೇಳಿದರು, ಕೇಳದವರಿಗೂ ಹೇಳಿದರು. ನಿನ್ನ ಹೆಸರು ಓಣಿಯಲ್ಲೆಲ್ಲ ಆಗಿದೆ. ನಿನ್ನ ಉಪಕಾರ ಎಷ್ಟು ಹೇಳಿದರೂ ಕಡಿಮೆಯೇ.

ಗುತ್ತೆವ್ವನಿಗೆ ಭಾರದ ಕೊಡ ಎತ್ತಲು ಬಿಡಬೇಡ. ಹುಳಿ ತಿನ್ನಬೇಕೆಂದರೆ ತಿನ್ನಲಿ. ಇಲ್ಲಿ ಮೆಣಸಿನಕಾಯಿ ಈ ಸಲ ಚೆನ್ನಾಗಿ ಬಂದಿದೆ. ಆಕಳು ಕರು ಹಾಕಿದೆ, ಹೆಣ್ಣುಗರು.

ಡಬ್ಬಿ ಕಳಿಸುತ್ತೇವೆ.

ಇಂತು
ಶೇಖವ್ವ

*

ಸವಣೂರು
ತಾ. 22-2-1974

ಅತ್ತಿಗೆಯವರಿಗೆ ದುರಗವ್ವನ ಶರಣು.

ಆಕಳು ಕರು ಹಾಕಿದ್ದು ಸಂತೋಷ. ಡಬ್ಬಿ ಬಂದಿಲ್ಲ.

ಅವಸರ ಮಾಡುವುದಕ್ಕೆ ಕಾರಣವಿದೆ, ಕೇಳಿರಿ. ನಮ್ಮ ಓಣಿಯ ಸೊಸಾಯಿಟಿ ಅಂಗಡಿಯಲ್ಲಿ ಸಂಕ್ರಮಣದ ಹೊತ್ತಿಗೆ ಎಲ್ಲರ ಡಬ್ಬಿಯ ಮೇಲೆ ಅವರವರ ಕಾರ್ಡಿನ ನಂಬರನ್ನು ಕೆಂಪು ಬಣ್ಣದಲ್ಲಿ ಬರೆದರು. ನಮ್ಮ ಡಬ್ಬಿಯ ಮೇಲೆ ನೀವೂ ನೋಡಿರಬೇಕು. ಆಗ ಅದೇನೋ ಆಟ ಎಂದುಕೊಂಡೆ. ಈಗ ನಂಬರಿನ ಡಬ್ಬಿ ಇದ್ದರೆ ಮಾತ್ರ ಎಣ್ಣೆ ಎಂದು ಕಟ್ಟುನಿಟ್ಟು ಮಾಡಿದ್ದಾರೆ. ಮಂದಿ ಬೇರೆ ಬೇರೆ ಡಬ್ಬಿ ಹಿಡಿದು ಮತ್ತೆ ಮತ್ತೆ ಪಾಳಿ ಹಚ್ಚಿದರಂತೆ, ಅದಕ್ಕೆ. ಮೊನ್ನೆ ಎಣ್ಣೆ ಬಂತು. ನಾನು ನೀರಿನ ಬಿಂದಿಗೆ ತೊಳೆದು ಒಣಗಿಸಿಕೊಂಡು ಹೋಗಿ ಬಿಸಿಲಲ್ಲಿ ನಿಂತೆ. ನನ್ನ ಪಾಳಿ ಬಂದಾಗ ಅಂಗಡಿಯ ಗುದ್ಲೆಪ್ಪ, "ನಿಮ್ಮ ಡಬ್ಬಿ ಎಲ್ಲೈತ್ರಿ?" ಎಂದ. ತವರಿಗೆ ಹೋಗಿದೆ ಎಂದೆ. "ಹಂಗಾರ ಎಣ್ಣೀನೂ ತವರಿಂದನ ತರಿಸ್ಕೋರಿ" ಎಂದು ಮುಂದಿನವರನ್ನು ಕರೆದ. ಪಾಳಿಯಲ್ಲಿದ್ದವರೆಲ್ಲ ನಕ್ಕರು.

ನನ್ನ ಹತ್ತಿರ ಇದ್ದ ಎಣ್ಣೆ ತಳ ಕಂಡಿದೆ. ನಮ್ಮ ಓಣಿಗೆ ಕರೆಂಟಿನ ಕಂಬ ಬಂದಿದೆ, ಕರೆಂಟು ಬಂದಿಲ್ಲ. ಕಾಡಿ ಬೇಡಿ ತರೋಣವೆಂದರೆ ಇಡೀ ಓಣಿ ಬರಿಗೈ ತೋರಿಸುತ್ತದೆ. ಎದುರು ಮನೆಯ ಭರಮವ್ವ ಹುಲಿಗೆವ್ವನ ಆಣೆ ಮಾಡಿ ಒಂದು ಹನಿಯೂ ಇಲ್ಲ ಎನ್ನುತ್ತಾಳೆ. ಆಕೆಯ ಕಿಡಕಿಯಲ್ಲಿ ಬೆಳಕು ಕಂಡರೆ ಅದು ಒಲೆಯ ಬೆಳಕಂತೆ.

ಅತ್ತಿಗೆ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮೊದಲ ಕೂಸು ತವರಿನ ಆ ಮನೆಯಲ್ಲೇ ಹುಟ್ಟಿತು. ಆ ಹೊತ್ತಿಗೇ ಕಂದೀಲು ಆರಿತು. ಕತ್ತಲಲ್ಲಿ ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದ್ದು ಯಾರಿಗೂ ಕಾಣಲಿಲ್ಲ. ಕೂಸು ಅಳಲೇ ಇಲ್ಲ. ಅದಕ್ಕೆ ಯಾರೂ ಕಾರಣರಲ್ಲ, ನಾನು ಯಾರನ್ನೂ ಅಂದಿಲ್ಲ. ಆದರೆ ನನ್ನ ಮಗಳ ಹೆರಿಗೆಗೆ ಕೋಣೆಯಲ್ಲಿ ದೀಪ ಇರಬೇಕು. ನಾನು ಕೇಳುವುದು ಇಷ್ಟೇ.

ನಾಳೆಯೇ ಗುಡ್ಡಪ್ಪನ ಬಸ್ಸಿಗೆ ಡಬ್ಬಿ ಕೊಡಿರಿ.

ದುರಗವ್ವ

*

ಹಿರೇಕೆರೂರು
ತಾ. 3-3-1974

ದುರಗವ್ವನಿಗೆ ಶೇಖವ್ವನ ಆಶೀರ್ವಾದ.

ಗುಡ್ಡಪ್ಪನ ಕೈಯಲ್ಲಿ ಬಾಣಂತಿಗೆಂದು ಕೊಬ್ಬರಿ, ಅಂಟು, ಅಳವಿ, ಒಂದು ಗಡಿಗೆ ತುಪ್ಪ ಕಳಿಸಿದ್ದೇನೆ. ಜೊತೆಗೆ ನನ್ನ ಹಳೆಯ ಮೆತ್ತಗಿನ ಸೀರೆಗಳನ್ನು ಹರಿದು ಮಡಚಿ ಇಟ್ಟಿದ್ದೇನೆ, ಕೂಸಿಗೆ ಬೇಕಾಗುತ್ತವೆ. ತುಪ್ಪದ ಗಡಿಗೆಯ ಬಾಯಿಯನ್ನು ನೀನೇ ಬಿಚ್ಚು, ನಿನ್ನ ಮನೆಯವರ ಕೈಗೆ ಕೊಡಬೇಡ.

ನಿಮ್ಮಣ್ಣ ಈಚೆಗೆ ಮನೆಯಲ್ಲಿ ನಿಲ್ಲುವುದೇ ಕಡಿಮೆ. ಏನೋ ಕೆಲಸವೆಂದು ಒಂದು ದಿನ ಹಾನಗಲ್ಲ, ಒಂದು ದಿನ ಶಿಗ್ಗಾಂವಿ ಎಂದು ತಿರುಗುತ್ತಾರೆ. ಕಾಲು ಬಾತಿವೆ. ಹೇಳಿದರೆ ಕೇಳುವವರಲ್ಲ, ನಿನಗೆ ಗೊತ್ತಲ್ಲ.

ಡಬ್ಬಿಯ ವಿಷಯ ನನ್ನ ಮನಸ್ಸಿನಲ್ಲಿದೆ. ನೀನು ಚಿಂತೆ ಮಾಡಬೇಡ.

ಶೇಖವ್ವ

*

ಸವಣೂರು
ತಾ. 11-3-1974

ಅತ್ತಿಗೆಯವರಿಗೆ,

ಕೊಬ್ಬರಿ ಮುಟ್ಟಿತು. ಅಂಟು ಮುಟ್ಟಿತು. ಅಳವಿ ಮುಟ್ಟಿತು. ತುಪ್ಪ ಮುಟ್ಟಿತು. ಸೀರೆಯ ಚೂರುಗಳೂ ಮುಟ್ಟಿದವು. ಗುಡ್ಡಪ್ಪನ ಬಸ್ಸು ಇಷ್ಟೆಲ್ಲ ಹೊತ್ತು ತಂದಿದೆ, ಒಂದು ಖಾಲಿ ತಗಡಿನ ಡಬ್ಬಿ ಅದಕ್ಕೆ ಭಾರವಾಯಿತೇ?

ನಾನು ಗುಡ್ಡಪ್ಪನನ್ನು ನಿಲ್ಲಿಸಿ ಕೇಳಿದೆ. ಅವನು ನಿಮ್ಮ ಮನೆ ಬಾಗಿಲಿಗೆ ಬಂದು ಡಬ್ಬಿ ಕೇಳಿದನಂತೆ. ಡಬ್ಬಿ ಪಡಸಾಲೆಯಲ್ಲೇ ಇತ್ತಂತೆ. ನೀವು ಅದನ್ನು ಒಳಗೆ ಸರಿಸಿ, "ಅದು ಬಳಕ್ಯಾಗೈತಿ ಅಂತ ಹೇಳಪಾ ದುರಗವ್ವಗ" ಎಂದಿರಂತೆ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಆದರೂ ನಾನು ನಂಬಲಿಲ್ಲ. ನಮ್ಮ ಅತ್ತಿಗೆ ಅಂಥವರಲ್ಲ ಎಂದು ಅವನ ಮೇಲೇ ಹಾಯ್ದೆ.

ಆಮೇಲೆ ನಮ್ಮ ಓಣಿಯ ಬಳೆಗಾರ ನಿಯಾಜ ಹಾನಗಲ್ಲ ಸಂತೆಯಿಂದ ಬಂದ. ಅಲ್ಲಿ ಎಣ್ಣೆಯ ಪಾಳಿಯಲ್ಲಿ ಅಣ್ಣ ನಿಂತಿದ್ದನ್ನು ಕಂಡನಂತೆ. ಕೈಯಲ್ಲಿ ಡಬ್ಬಿ, ಡಬ್ಬಿಯ ಮೇಲೆ ಕೆಂಪು ನಂಬರು. ಮಾತಾಡಿಸಿದರೆ ಅಣ್ಣ ಮುಖ ತಿರುಗಿಸಿದನಂತೆ. ಈಗ ತಿಳಿಯಿತು ಹಾನಗಲ್ಲಿನ ಕೆಲಸ ಏನೆಂದು, ಶಿಗ್ಗಾಂವಿಯ ಕೆಲಸ ಏನೆಂದು. ನನ್ನ ಡಬ್ಬಿ ಹಿಡಿದುಕೊಂಡು ಊರೂರು ತಿರುಗಿ ನೀವು ನಿಮ್ಮ ಮನೆಗೆ ಎಣ್ಣೆ ತುಂಬಿಸಿಕೊಳ್ಳುತ್ತಿದ್ದೀರಿ. ಇಲ್ಲಿ ನನ್ನ ಬಸುರಿ ಮಗಳು ಹೊತ್ತು ಮುಳುಗುವುದರೊಳಗೆ ಉಂಡು, ತಡವರಿಸಿಕೊಂಡು ಹಾಸಿಗೆಗೆ ಹೋಗುತ್ತಾಳೆ.

ನಾನು ತುಂಬಿ ಕೊಟ್ಟದ್ದನ್ನು ಕೇಳುತ್ತಿಲ್ಲ, ಅತ್ತಿಗೆ. ಖಾಲಿ ಡಬ್ಬಿ ಕೇಳುತ್ತಿದ್ದೇನೆ. ತಿಪ್ಪೆಗೆ ಎಸೆಯುವಂಥ ಖಾಲಿ ಡಬ್ಬಿ.

ಇನ್ನೊಂದು ಸಂಗತಿ. ಹಗೇವಿನಲ್ಲಿ ಇಟ್ಟ ಕಡ್ಡಿಪೆಟ್ಟಿಗೆಗಳೆಲ್ಲ ತಂಪು ಹಿಡಿದಿವೆ. ಗೀರಿದರೆ ಮದ್ದು ಉದುರುತ್ತದೆ. ನಮ್ಮ ಮನೆಯವರು ಅಂಗಳದ ತುಂಬ ಚಾಪೆ ಹಾಸಿ ಸಂಡಿಗೆ ಒಣಗಿಸಿದಂತೆ ಕಡ್ಡಿ ಒಣಗಿಸುತ್ತಿದ್ದಾರೆ, ಕಾಗೆ ಕಾಯಲು ನಾನು. ನನಗೆ ನಗಲೂ ಶಕ್ತಿ ಇಲ್ಲ.

ದುರಗವ್ವ

*

ಸವಣೂರು
ತಾ. 22-3-1974
(ಕಾರ್ಡು)

ಹೊಳಬಸಪ್ಪನವರಿಗೂ ಅವರ ಹೆಂಡತಿಗೂ,

ಉತ್ತರ ಬರಲಿಲ್ಲ, ಡಬ್ಬಿಯೂ ಬರಲಿಲ್ಲ. ಯುಗಾದಿ ಬಂತು. ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೇನೆ, ಪೋಸ್ಟಿನವನೂ ಓದಲಿ, ಊರೂ ಓದಲಿ. ಒಂದು ಡಬ್ಬಿಯ ಆಸೆಗೆ ನನ್ನ ತವರು ಹೋಯಿತು. ಅವ್ವ ಅಪ್ಪನ ಜೊತೆಗೇ ಹೋಗಿತ್ತೆಂದು ತಿಳಿಯುತ್ತೇನೆ. ಕೂಸು ಹುಟ್ಟಿದರೆ ನಿಮಗೆ ಸುದ್ದಿ ಬರುವುದಿಲ್ಲ.

ದುರಗವ್ವ

*

ಹಿರೇಕೆರೂರು
ತಾ. 23-3-1974

ದುರಗಿ,

ನಿನ್ನ ಹನ್ನೊಂದನೆಯ ತಾರೀಖಿನ ಪತ್ರ ಬಂದು ಬಹಳ ದಿನವಾಯಿತು. ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ. ನಿಮ್ಮಣ್ಣ ಬರೆಯಬೇಡ ಎಂದರು. ಅವರಿಗೆ ಹೇಳದೆ ಬರೆಯುತ್ತಿದ್ದೇನೆ.

ನೀನು ಕೊಟ್ಟ ಎಣ್ಣೆ ನಮ್ಮ ಹೊಸ್ತಿಲು ದಾಟುವುದರೊಳಗೇ ಅರ್ಧವಾಗಿತ್ತು. ಡಬ್ಬಿ ತಲೆಯ ಮೇಲಿದ್ದದ್ದನ್ನು ಊರೇ ನೋಡಿದ ಮೇಲೆ ಇಲ್ಲವೆನ್ನುವುದು ಹೇಗೆ? ಒಬ್ಬರ ಮನೆಯಲ್ಲಿ ಹುಡುಗರ ಪರೀಕ್ಷೆ, ಒಬ್ಬರ ಮನೆಯಲ್ಲಿ ಮುದುಕನಿಗೆ ಜಡ್ಡು. ಕೇಳಿದವರಿಗೆಲ್ಲ ನಿಮ್ಮಣ್ಣ ಅಳೆದು ಹಾಕಿದರು. ತಂಗಿ ಕೊಟ್ಟದ್ದು, ಕಡಿಮೆ ಆಗೋದಿಲ್ಲ ಎಂದರು. ಆದರೆ ಕಡಿಮೆ ಆಯಿತು. ನಿನ್ನ ಎರಡನೆಯ ಪತ್ರ ಬರುವ ಹೊತ್ತಿಗೆ ಡಬ್ಬಿ ಬರಿದಾಗಿತ್ತು.

ಖಾಲಿ ಡಬ್ಬಿ ಕಳಿಸಿರಿ ಎಂದು ನೀನು ಬರೆದೆ. ಹೇಗೆ ಕಳಿಸಲಿ? ಮನೆಮಗಳ ಪಾತ್ರೆಯನ್ನು ತವರಿನಿಂದ ಬರಿದು ಕಳಿಸುತ್ತಾರೆಯೇ? ನಿಮ್ಮ ಅವ್ವ ಇರುವಾಗ ನೀನು ತಂದಿಟ್ಟ ಪಾತ್ರೆಯಲ್ಲಿ ಒಂದು ಹಿಡಿ ಕಾಳನ್ನಾದರೂ ಹಾಕದೆ ಕಳಿಸಿದ್ದುಂಟೇ? ಅದೂ ಬಸುರಿ ಕುಳಿತ ಮನೆಗೆ ಬರಿದು ಡಬ್ಬಿ ಹೋಗಬಾರದು. ಕಾಳು ಹಾಕೋಣವೆಂದರೆ ಎಣ್ಣೆಯ ಡಬ್ಬಿ, ನಾರುತ್ತದೆ. ಅದರಲ್ಲಿ ಎಣ್ಣೆಯನ್ನೇ ಹಾಕಬೇಕು. ಎಣ್ಣೆ ಎಲ್ಲಿದೆ?

ನಮ್ಮಲ್ಲಿ ಸೊಸಾಯಿಟಿಗೆ ಎಣ್ಣೆ ಬಂದು ತಿಂಗಳಾಗುತ್ತ ಬಂತು. ಅದಕ್ಕೇ ನಿಮ್ಮಣ್ಣ ನಿನ್ನ ಡಬ್ಬಿ ಹಿಡಿದು ಹೊರಟದ್ದು. ಹಾನಗಲ್ಲಿನಲ್ಲಿ ಅರ್ಧ ದಿನ ನಿಂತರು. ಪಾಳಿ ಬಂದಾಗ ಅಂಗಡಿಯವ ಕೆಂಪು ನಂಬರು ನೋಡಿ, "ಇದು ಸವಣೂರಿನ ಡಬ್ಬಿ, ಸವಣೂರಾಗ ಹಾಕಸ್ಕೋರಿ" ಎಂದ. ನಿಯಾಜ ಕಂಡದ್ದು ಅವತ್ತೇ. ಮುಖ ತಿರುಗಿಸಿದ್ದು ನಾಚಿಕೆಗೆ. ಶಿಗ್ಗಾಂವಿಯಲ್ಲೂ ಅದೇ ಮಾತು. ಬಂಕಾಪುರದಲ್ಲಿ ಎಣ್ಣೆ ಇದೆ ಎಂದು ಯಾರೋ ಹೇಳಿದರೆಂದು ಬಿಸಿಲಲ್ಲಿ ಹೋದರು, ಅಲ್ಲಿ ಪಾಳಿ ಇತ್ತು, ಎಣ್ಣೆ ಇರಲಿಲ್ಲ. ನಂಬರಿನಿಂದಾಗಿ ಯಾರೂ ಹಾಕುವುದಿಲ್ಲ, ನಂಬರು ಅಳಿಸಿದರೆ ನಿನಗೆ ಅಲ್ಲಿ ಸಿಗುವುದಿಲ್ಲ. ನಾನು ಏನು ಮಾಡಲಿ, ನೀನೇ ಹೇಳು.

ಗುಡ್ಡಪ್ಪನಿಗೆ ಬಳಕೆಯಲ್ಲಿದೆ ಎಂದು ಹೇಳಿದ್ದು ನಿಜ. ದುರಗವ್ವನ ತವರಲ್ಲಿ ಡಬ್ಬಿಯ ತಳ ತೋಯುವಷ್ಟೂ ಎಣ್ಣೆ ಇಲ್ಲ ಎಂದು ಬಸ್ಸಿನವನ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅವತ್ತು ಕಂದೀಲು ಹಿಡಿದವಳು ನಾನೇ. ಅದು ಆರಿದ್ದು ನನ್ನ ಕೈಯಲ್ಲಿ. ನಿನಗೆ ನೆನಪಿದೆ ಎಂದು ನನಗೆ ಗೊತ್ತು, ನನಗೂ ನೆನಪಿದೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಶೇಖವ್ವ

*

ಸವಣೂರು
ತಾ. 2-4-1974

ಅತ್ತಿಗೆವ್ವ,

ಮೊದಲು ಸುದ್ದಿ. ಇಪ್ಪತ್ತಾರನೆಯ ತಾರೀಖು ಗುತ್ತೆವ್ವ ಹಡೆದಳು. ಹೆಣ್ಣುಕೂಸು. ತಾಯಿ ಮಗಳು ಇಬ್ಬರೂ ಚೆನ್ನಾಗಿದ್ದಾರೆ.

ಹೊತ್ತು ಮುಳುಗುವಾಗ ಬೇನೆ ಎದ್ದಿತು. ರಹಿಮಾಬಿ ಬಂದಳು. ನನ್ನ ಚಿಮಣಿಯಲ್ಲಿ ಬತ್ತಿ ಮಾತ್ರ ಇತ್ತು. ನಾನು ಅಂಗಳಕ್ಕೆ ಬಂದು ಓಣಿಗೆಲ್ಲ ಕೇಳುವಂತೆ, ದೀಪ ತರ್ರವ್ವೋ ಎಂದು ಕೂಗಿದೆ. ಯಾರ ಮನೆಯಲ್ಲೂ ಒಂದು ಹನಿ ಇಲ್ಲವೆಂದು ಗೊತ್ತಿದ್ದೂ ಕೂಗಿದೆ. ಮೊದಲು ಬಂದವಳು ಭರಮವ್ವ. ಕೈಯಲ್ಲಿ ಕಂದೀಲು, ಕಂಠಮಟ ಎಣ್ಣೆ. ಹುಲಿಗೆವ್ವನ ಆಣೆ ಎಲ್ಲಿ ಹೋಯಿತೋ ಆಕೆಯನ್ನೇ ಕೇಳಬೇಕು. ಆಕೆಯ ಹಿಂದೆ ಒಬ್ಬೊಬ್ಬರಾಗಿ ಓಣಿಯವರೆಲ್ಲ ಬಂದರು. ಬರಿಗೈ ತೋರಿಸಿದ ಕೈಗಳಲ್ಲೆಲ್ಲ ಒಂದೊಂದು ದೀಪ. ಕಾಲಿಗೆ ಬೀಳಬೇಕೋ ಜಗಳ ತೆಗೆಯಬೇಕೋ ನನಗೆ ತಿಳಿಯಲಿಲ್ಲ. ಇವರು ಇದನ್ನು ತಿಂಗಳ ಮೊದಲೇ ಹೊರಗೆ ತೆಗೆದಿದ್ದರೆ ನಾನು ನಿಮಗೆ ಅಂಥ ಪತ್ರ ಬರೆಯುತ್ತಿದ್ದೆನೇ?

ಕೋಣೆಯಲ್ಲಿ ನಾನೇ ಕಂದೀಲು ಹಿಡಿದಿದ್ದೆ. ರಹಿಮಾಬಿ ತಲೆ ಎತ್ತದೆ ಹೇಳಿದಳು, "ಕೊಳ್ಳಾಗ ಬಳ್ಳಿ ಸುತ್ತೈತಿ. ದೀಪಾ ಸನೇಕ ಹಿಡಿ ಅವ್ವಾ." ಹಿಡಿದೆ. ಆಕೆ ಬೆರಳು ಹಾಕಿ ಬಿಡಿಸಿದಳು. ಕೂಸು ಅತ್ತಿತು. ಅತ್ತಿಗೆವ್ವ, ನಾನು ಗೋಡೆಗೆ ಆತುಕೊಂಡು ಅದಕ್ಕಿಂತ ಜೋರಾಗಿ ಅತ್ತೆ.

ಮರುದಿನ ಮುಂಜಾನೆ ಅಣ್ಣ ಬಂದ. ಜೋಳದ ಚೀಲದಲ್ಲಿ ಸುತ್ತಿದ ಡಬ್ಬಿಯನ್ನು ಪಡಸಾಲೆಯಲ್ಲಿ ಇಟ್ಟ. ಒಳಗೆ ಎಣ್ಣೆ ಗುಳುಗುಳು ಎಂದಿತು. ನಿಮ್ಮ ಪತ್ರ ಆಗ ನನಗೆ ಬಂದಿರಲಿಲ್ಲ. ನನ್ನ ಡಬ್ಬಿಯಿಂದ ತುಂಬಿಕೊಂಡು ಉರಿಸಿ ಉಳಿದದ್ದನ್ನು ತಂದಿದ್ದಾನೆ ಎಂದುಕೊಂಡೆ. ಊಟಕ್ಕೆ ಬಡಿಸಿದೆ, ಮಾತಾಡಲಿಲ್ಲ. ಅವನು ಕೈ ತೊಳೆದು ಹೋಗುವಾಗ ಬಾಗಿಲಲ್ಲಿ ನಿಂತು, "ಕೂಸು ಹುಟ್ಟಿದ ಕೂಡ್ಲೆ ಅತ್ತಿತೇನವಾ?" ಎಂದ. ನಾನು ಹೂಂ ಎಂದೆ. ಅಷ್ಟೇ. ಅವನು ಕುಂಟುತ್ತ ಹೋದ.

ನಿಮ್ಮ ಪತ್ರ ಅದರ ಮರುದಿನ ಬಂತು. ಓದಿ ಬಸ್ ಸ್ಟ್ಯಾಂಡಿಗೆ ಓಡಿದೆ. ನಿನ್ನೆ ಹೋದ ಮನುಷ್ಯ ಇವತ್ತು ಅಲ್ಲಿ ಇರುತ್ತಾನೆಯೇ? ಆದರೂ ಓಡಿದೆ.

ಆ ಎಣ್ಣೆಯನ್ನು ಒಲೆಗೂ ಹಾಕಲಿಲ್ಲ, ಕಂದೀಲಿಗೂ ಹಾಕಲಿಲ್ಲ. ಐದನೆಯ ದಿನ ಸಟವಿ ಕೂಸಿನ ಹಣೆಬರಹ ಬರೆಯಲು ಬರುತ್ತಾಳಲ್ಲ, ಆಗ ಕೂಸಿನ ತಲೆದೆಸೆಯಲ್ಲಿ ಇಟ್ಟ ದೀಪಕ್ಕೆ ಹಾಕಿದೆ. ಬೆಳಗಿನ ತನಕ ಆರಲಿಲ್ಲ. ಸಟವಿ ಏನು ಬರೆದಳೋ, ನಿಮ್ಮ ಮನೆಯ ಬೆಳಕಿನಲ್ಲಿ ಬರೆದಳು.

ಡಬ್ಬಿಯ ಕಥೆಯನ್ನೂ ಕೇಳಿಬಿಡಿರಿ. ನಿನ್ನೆ ಅದನ್ನು ಹಿಡಿದು ಸೊಸಾಯಿಟಿಗೆ ಹೋದೆ. ಗುದ್ಲೆಪ್ಪ ನೋಡಿ, ಈ ತಿಂಗಳಿನಿಂದ ಕೆಂಪು ನಂಬರು ರದ್ದು, ಬಿಳಿ ಬಣ್ಣದಲ್ಲಿ ಬರೆದ ಹೊಸ ನಂಬರು ಬೇಕು ಎಂದ. ಬಿಳಿ ಬಣ್ಣ ಇನ್ನೂ ಬಂದಿಲ್ಲವಂತೆ. ಆ ಡಬ್ಬಿಯನ್ನು ಅವನ ತಲೆಯ ಮೇಲೆ ಕವುಚಬೇಕು ಎನ್ನಿಸಿತು.

ನನ್ನ ಕಾರ್ಡು ನಿಮಗೆ ಮುಟ್ಟಿರಬಾರದು ಎಂದು ದಿನಾ ಬೇಡಿಕೊಳ್ಳುತ್ತಿದ್ದೇನೆ. ಮುಟ್ಟಿದ್ದರೆ ಏನು ಬರೆಯಬೇಕೆಂದು ನನಗೆ ತಿಳಿಯುವುದಿಲ್ಲ. ಅದನ್ನು ಬರೆದ ಕೈಗೆ ನಾಚಿಕೆಯಾಗಿದೆ.

ನಿಮ್ಮ
ದುರಗಿ

*

ಹಿರೇಕೆರೂರು
ತಾ. 10-4-1974

ದುರಗವ್ವನಿಗೆ ಶೇಖವ್ವನ ಆಶೀರ್ವಾದ. ಕೂಸಿಗೆ ಮುತ್ತು.

ಕಾರ್ಡು ಮುಟ್ಟಿತು. ಇಪ್ಪತ್ತೈದಕ್ಕೆ ಬಂತು. ನಿಮ್ಮಣ್ಣ ಕಟ್ಟೆಯ ಮೇಲೆಯೇ ಇದ್ದರು. ಅವರಿಗೆ ಕನ್ನಡಕವಿಲ್ಲದೆ ಅಕ್ಷರ ಹತ್ತುವುದಿಲ್ಲ, ನನ್ನ ಕೈಗೆ ಕೊಟ್ಟು ಓದು ಎಂದರು. ನಾನು ಓದಿದೆ: "ಗುತ್ತೆವ್ವ ಆರಾಮ ಅದಾಳ. ಡಬ್ಬಿಗೆ ಅವಸರ ಇಲ್ಲ. ಅಣ್ಣ ಬಿಸಲಾಗ ಭಾಳ ತಿರಗಬಾರದು." ಅವರು, ದುರಗಿ ಹಂಗ ಬರದಾಳಂದ್ರ ಆಕೀಗೆ ಭಾಳ ತ್ರಾಸ ಐತಿ ಎಂದು ಎದ್ದರು. ಅವತ್ತೇ ನಮ್ಮ ಸೊಸಾಯಿಟಿಗೆ ಎಣ್ಣೆ ಬಂದಿತ್ತು. ಇಲ್ಲಿನವರು ಗುರುತಿನವರು, ನಂಬರು ನೋಡಲಿಲ್ಲ. ನಮ್ಮ ಪಾಲಿನದನ್ನು ನಿನ್ನ ಡಬ್ಬಿಗೇ ಹಾಕಿಸಿದೆವು. ಮರುದಿನ ಹೊರಟರು. ಹಾವೇರಿಯಲ್ಲಿ ಬಸ್ಸು ತಪ್ಪಿತಂತೆ, ಅದಕ್ಕೇ ಒಂದು ದಿನ ತಡವಾಯಿತು. ನಮಗೆ ಕುಸುಬೆಣ್ಣೆಯ ಪಣತಿ ಸಾಕು.

ಕಾರ್ಡನ್ನು ಒಲೆಗೆ ಹಾಕಿದೆ. ಇನ್ನು ಆ ಮಾತು ಬೇಡ.

ಒಂದು ಸಣ್ಣ ಕೆಲಸವಿದೆ. ನಿಮ್ಮಣ್ಣ ಡಬ್ಬಿ ಸುತ್ತಿ ತಂದ ಜೋಳದ ಚೀಲವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ನಮ್ಮಲ್ಲಿ ಹರಿಯದೆ ಉಳಿದ ಚೀಲ ಅದೊಂದೇ. ಗುಡ್ಡಪ್ಪನ ಕೈಯಲ್ಲಿ ಕಳಿಸು.

ಶೇಖವ್ವ

*

ಸವಣೂರು
ತಾ. 24-4-1974

ಅತ್ತಿಗೆವ್ವನಿಗೆ ದುರಗಿಯ ಶರಣು.

ಕೂಸಿಗೆ ಮೈ ತುಂಬುತ್ತಿದೆ. ಅಳುವುದರಲ್ಲಿ ಏನೂ ಕೊರತೆ ಇಲ್ಲ, ಓಣಿಗೆಲ್ಲ ಕೇಳುತ್ತದೆ. ಅಣ್ಣನಿಗೆ ಹೇಳಿರಿ.

ಚೀಲವನ್ನು ಒಗೆದು, ಒಣಗಿಸಿ, ಮಡಚಿ ಗೂಟಕ್ಕೆ ಹಾಕಿದ್ದೇನೆ. ಹೆಣ್ಣು ಹುಟ್ಟಿದ ಮನೆಯಿಂದ ತವರಿಗೆ ಚೀಲ ಹೋಗಬೇಕಾದರೆ ಅದರಲ್ಲಿ ಸಕ್ಕರೆ ಇರಬೇಕು. ಸಕ್ಕರೆ ಎಲ್ಲಿದೆ? ಸಕ್ಕರೆ ಬರುವುದೇ ಬಂದ್ ಎಂದು ಯಾರೋ ಸಂತೆಯಲ್ಲಿ ಅಂದರಂತೆ, ಮಧ್ಯಾಹ್ನದೊಳಗೆ ಅಂಗಡಿಗಳೆಲ್ಲ ಬರಿದಾದವು. ಬಂಕಾಪುರಕ್ಕೆ ನಮ್ಮ ಮನೆಯವರನ್ನು ಕಳಿಸಿದೆ, ಶಿಗ್ಗಾಂವಿಗೂ ಕಳಿಸಿದೆ. ಎರಡೂ ಕಡೆಯಿಂದ ಬರಿಗೈಯಲ್ಲಿ ಬಂದರು. ಭರಮವ್ವ ಮತ್ತೆ ಹುಲಿಗೆವ್ವನ ಆಣೆ ಮಾಡುತ್ತಿದ್ದಾಳೆ.

ಗುಡ್ಡಪ್ಪ ದಿನಾ ಬಾಗಿಲಿಗೆ ಬಂದು ಚೀಲ ಕೇಳುತ್ತಾನೆ. ಇವತ್ತೂ ಬಂದಿದ್ದ. ಚೀಲ ಗೂಟದ ಮೇಲೆ ಅವನ ಕಣ್ಣೆದುರಿಗೇ ಇತ್ತು. ನಾನು ಅದನ್ನು ತೆಗೆದು ಒಳಗೆ ಇಟ್ಟು ಬಂದು ಹೇಳಿದೆ:

"ಅದು ಬಳಕ್ಯಾಗೈತಿ ಅಂತ ಹೇಳಪಾ ನಮ್ಮ ಅತ್ತಿಗೆವ್ವಗ."

ದುರಗಿ